ಹಳದಿ ಅಂತ ಬರಿಬ್ಯಾಡ್ರಿ

ಇವತ್ತು ಬೆಳಿಗ್ಗೆ ಸೀರೆ ಮಡಚುವಾಗ ಅಂಚಿಗೆ ಸಿಕ್ಕಿಕೊಂಡಿದ್ದ ಮುಳ್ಳೊಂದು ಬೆರಳಿಗೆ ಚುಚ್ಚಿತು. ಮುಳ್ಳುಗೋರಂಟಿಯದು. ಮೊನ್ನೆ ಶಾಲೆಯ ಹುಡುಗಿಯರನ್ನು ಸುರಪುರದ ಗುಡ್ಡಕ್ಕೆ ಕರೆದೊಯ್ದಿದ್ದೆ. ಮೊಣಕಾಲಿನ ನೋವು ಇನ್ನೂ ಇಳಿದಿಲ್ಲ. ನಿವೃತ್ತಿಗೆ ಒಂದು ವರ್ಷ ಬಾಕಿ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಮನಸ್ಸಿನಲ್ಲಿ ನಾನು ಆಗಲೇ ನಿವೃತ್ತಳಾಗಿದ್ದೇನೆ.

ಈ ಗಿಡ ನನಗೆ ಗುರುತು ಮಾಡಿಸಿದವರು ರಜಿಯಾ ಟೀಚರು. ಶಹಾಪುರದ ನಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಅವರದು, ಗಣಿತ ನನ್ನದು. ನನಗಿಂತ ಹಿರಿಯರು, ಆಪಾ ಅನ್ನುತ್ತಿದ್ದೆ. ಮಳೆಗಾಲ ಮುಗಿದೊಡನೆ ಹುಡುಗಿಯರನ್ನು ಗುಡ್ಡದ ಕುರುಚಲು ಕಾಡಿಗೆ ಹೊರಡಿಸುತ್ತಿದ್ದರು. ಬುತ್ತಿ ಕಾಯುವುದಕ್ಕೆ ನಾನು. ಅಲ್ಲಿ ಎಲ್ಲಿ ನೋಡಿದರೂ ಹಳದಿ ಹೂವು, ನನ್ನ ಕಣ್ಣಿಗೆ ಎಲ್ಲವೂ ಒಂದೇ. ಆಪಾ ಮಾತ್ರ, "ಹಳದಿ ಅಂತ ಬರಿಬ್ಯಾಡ್ರಿ. ಹಳದಿ ಎಲ್ಲಾವುಕ್ಕೂ ಅದ. ಮುಟ್ಟಿ ನೋಡ್ರಿ" ಅನ್ನುತ್ತಿದ್ದರು. ಎಲೆಯ ಬುಡದಲ್ಲಿ ಕಿವಿಯಂಥ ಪುಟ್ಟ ಎಲೆ ಇದ್ದರೆ ತಂಗಡಿ. ಎಲೆ ಮಕಮಲ್ಲಿನಂತಿದ್ದು ಕಾಯಿ ಹಲ್ಲುಹಲ್ಲಾದ ಗಾಲಿಯಂತಿದ್ದರೆ ಶ್ರೀಮುದ್ರೆ. ಎಲೆ ಟೊಂಗೆಗೆ ಕೂಡುವ ಸಂದಿನಲ್ಲಿ ಮುಳ್ಳಿದ್ದು, ಹೂವಿನಿಂದ ಎರಡು ಕೇಸರ ಹೊರಗೆ ಚಾಚಿದ್ದರೆ ಮುಳ್ಳುಗೋರಂಟಿ. ಲೆಕ್ಕದವಳಾದ ನನಗೂ ಹೀಗೆ ಮೂರು ಹೂ ಒಲಿದವು.

ಮುಟ್ಟಿ ನೋಡುವುದು ಅವರು ಕಲಿಸುವ ರೀತಿ ಅಂದುಕೊಂಡಿದ್ದೆ. ಒಂದು ವರ್ಷ ಹುಡುಗಿಯೊಬ್ಬಳು ಬರೀ ಎಸಳುಗಳನ್ನು ಕಿತ್ತು ತಂದು ಅವರ ಅಂಗೈಗೆ ಹಾಕಿದಳು. ಎಲೆ ಇಲ್ಲ, ಕಾಯಿ ಇಲ್ಲ. ಆಪಾ ಬಹಳ ಹೊತ್ತು ತಿಕ್ಕಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಇದು ಹಳದಿ ಏನವ್ವ, ಬಿಳಿ?"

ಕಣ್ಣು ಹೋಗುತ್ತಿರುವುದನ್ನು ಮನೆಯಲ್ಲೂ ಹೇಳಿರಲಿಲ್ಲವಂತೆ. ಶಾಲೆ ಬಿಟ್ಟು ಮನೆಯಲ್ಲಿ ಕೂತು ಏನು ಮಾಡಲಿ ಅಂದರು. ಮುಂದೆ ಎರಡು ವರ್ಷ ಅವರ ಉತ್ತರ ಪತ್ರಿಕೆಗಳನ್ನು ನಾನು ಓದಿ ಹೇಳಿದೆ, ಹಾಜರಿ ಬರೆದೆ, ಬಸ್ಸಿನ ಬೋರ್ಡು ಓದಿದೆ. ಅವರ ಸಹಿ ನನಗೆ ನನ್ನ ಸಹಿಗಿಂತ ಚೆನ್ನಾಗಿ ಬರುತ್ತಿತ್ತು. ಮೊದಮೊದಲು ಪುಣ್ಯದ ಕೆಲಸ ಅನ್ನಿಸಿತು. ಬರಬರುತ್ತ, ಅವರ ಚಪ್ಪಲಿ ಸಪ್ಪಳ ಕೇಳಿದರೇ ಮೈಯೆಲ್ಲ ಭಾರವಾಗುತ್ತಿತ್ತು.

ಮೂರನೆಯ ವರ್ಷ ಗುಡ್ಡದ ಮೇಲೆ ತಂಗಡಿ ಪೊದೆಗೆ ಕೈ ಚಾಚುತ್ತ ಆಪಾ ಬಂಡೆಯ ಅಂಚಿಗೇ ಹೋಗಿಬಿಟ್ಟರು. ಹಿಂದೆ ನಾಲ್ಕು ಹುಡುಗಿಯರು. ನಾನು ಸೆರಗು ಹಿಡಿದು ಎಳೆದೆ, ಇಬ್ಬರೂ ಬಿದ್ದೆವು. ಹುಡುಗಿಯರು ನಕ್ಕರು, ಆಪಾನೂ ನಕ್ಕರು. ಮರುದಿನ ನಾನು ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮಕ್ಕಳ ಜೀವಕ್ಕೋಸ್ಕರ ಅಂದೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಸಾಕಾಗಿತ್ತು.

ಯಾದಗಿರಿಯಲ್ಲಿ ಕಣ್ಣಿನ ತಪಾಸಣೆ ಆಯಿತು, ಆಪಾ ಕೆಲಸ ಬಿಟ್ಟರು. ಹೇಳಿದ್ದು ಯಾರೆಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆ ಪಾಠವೂ ನನ್ನ ಕೊರಳಿಗೇ ಬಿತ್ತು.

ಇವತ್ತು ಮುಳ್ಳು ಕಿತ್ತು ಕೂತವಳಿಗೆ ಏನನ್ನಿಸಿತೋ, ದೋರನಹಳ್ಳಿಯ ಬಸ್ಸು ಹತ್ತಿದೆ. ಆಪಾ ಈಗ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಚಹಾ ಕುಡಿದ ಮೇಲೆ, ಅವತ್ತು ಹೇಳಿದವಳು ನಾನೇ ಅಂದೆ.

"ಗೊತ್ತಿತ್ತವ್ವ," ಅಂದರು. "ನಾನೇ ಹೋಗಿ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ನಿನ್ನ ಮ್ಯಾಲ ಬಿಟ್ಟೆ."

ಮನಸ್ಸು ಹಗುರಾಯಿತೆಂದು ಹೇಳಲಾರೆ. ಸಿಟ್ಟು ಬಂತು, ಅವರ ಮೇಲೆ ಮೊದಲ ಸಲ. ಇಷ್ಟು ವರ್ಷ ನಾನೊಬ್ಬಳೇ ತಪ್ಪಿತಸ್ಥೆಯಾಗಿ ತಿರುಗಿದೆನಲ್ಲ ಎಂದು. ಅದನ್ನೂ ಹೇಳಿಬಿಟ್ಟೆ. ಅವರು ಗೋಡೆ ಹಿಡಿದು ಎದ್ದು ಹೋಗಿ ದಿಂಬೊಂದು ತಂದು ನನ್ನ ಪಕ್ಕ ಇಟ್ಟರು.

"ಬಸ್ಸಿಗೆ ಇನ್ನೂ ಟೈಮ್ ಅದ. ಸ್ವಲ್ಪ ಮಲ್ಕೋ."

ಹಗಲು ಮಲಗುವವಳಲ್ಲ ನಾನು. ಆದರೆ ಜಮಖಾನೆಯ ಮೇಲೆ ಕಾಲು ಚಾಚಿದ್ದೊಂದೇ ಗೊತ್ತು. ಆಪಾ ಎಬ್ಬಿಸಿದಾಗ ಎರಡು ಬಸ್ಸು ಹೋಗಿಬಿಟ್ಟಿದ್ದವು.