ಸುಡದೆ ಉಳಿದ ವಿದೇಶಿ ಅಂಗಿ

ಚಿಕ್ಕಲಕ್ಷ್ಮಮ್ಮ ಮೇಡಂಗೆ ಅರವತ್ತಮೂರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಬೆಂಗಳೂರಿನ ವಿಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟಿದ್ದಾರೆ. ರಿಟೈರ್ ಆದಮೇಲೂ ವಾರಕ್ಕೆರಡು ದಿನ ಅಲ್ಲಿಗೇ ಹೋಗಿ ಪಾಠ ಮಾಡುತ್ತಾರೆ. ಮನೇಲಿ ಕೂತರೆ ಅಭಿಪ್ರಾಯ ಹೇಳೋಕೆ ಗೋಡೆ ಬಿಟ್ಟು ಯಾರೂ ಸಿಗಲ್ಲ ಅನ್ನುವುದು ಅವರೇ ಕೊಡುವ ಕಾರಣ.

ಅಭಿಪ್ರಾಯಗಳಿಗೇನೂ ಬರ ಇರಲಿಲ್ಲ. ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದು, ದೇಶದೇಶಗಳ ನಡುವೆ ಸುಂಕ ಇರಬಾರದು, ಯಾರಿಗೂ ಏನನ್ನೂ ಪುಕ್ಕಟೆ ಕೊಡಬಾರದು. ಹೆಂಗಸರಿಗೆ ಬಸ್ಸು ಫ್ರೀ ಆದಾಗ ಒಂದು ತಿಂಗಳು ಹಟ ಹಿಡಿದು ದುಡ್ಡು ಕೊಟ್ಟೇ ಟಿಕೆಟ್ ತಗೊಂಡರು. ಎರಡನೇ ತಿಂಗಳು ಒಬ್ಬ ಕಂಡಕ್ಟರ್, "ಚಿಲ್ಲರೆ ಇಲ್ಲ, ಸುಮ್ನೆ ಕೂತ್ಕೊಳಮ್ಮ" ಅಂದ. ಅಂದಿನಿಂದ ನೀತಿಯನ್ನು ವಿರೋಧಿಸುತ್ತಲೇ ಕಿಟಕಿ ಪಕ್ಕ ಕೂರುವುದು ರೂಢಿಯಾಯಿತು.

ಅವರ ಅಣ್ಣ ಮುನಿಯಪ್ಪ ಬೇರೆ ಜಾತಿಯ ಪ್ರಾಣಿ. ಚಂದ್ರಾ ಲೇಔಟ್ ಇನ್ನೂ ಲೇಔಟ್ ಆಗಿರದ ಕಾಲದಲ್ಲಿ ಅಲ್ಲಿ ಅವರಪ್ಪನ ರಾಗಿ ಹೊಲ ಇತ್ತು. ಹೊಲದ ಮೇಲೆ ರಸ್ತೆ ಹಾದುಹೋಯಿತು. ಉಳಿದ ತುಂಡಿನ ಮೇಲೆ ಮುನಿಯಪ್ಪ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟರು. ಸ್ವಂತ ಪರಿಶ್ರಮದಿಂದ ಮೇಲೆ ಬಂದೋನು ನಾನು ಅಂತ ಅವರು ಮೈಕಿನಲ್ಲಿ ಹೇಳಿದಾಗಲೆಲ್ಲ ತಂಗಿ, "ಪರಿಶ್ರಮ ಪಟ್ಟಿದ್ದು ರಸ್ತೆ, ನೀನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ" ಅನ್ನುತ್ತಿದ್ದರು. ಮುನಿಯಪ್ಪ ಹತ್ತು ವರ್ಷದಿಂದ ಕಾರ್ಪೊರೇಟರ್ ಆಕಾಂಕ್ಷಿ. ಚುನಾವಣೆಯೇ ನಡೆಯದೆ ಇದ್ದದ್ದರಿಂದ ಸೋಲಲೂ ಇಲ್ಲ.

ಅಮೆರಿಕದವರು ನಮ್ಮ ಸರಕಿನ ಮೇಲೆ ಶೇಕಡಾ ಐವತ್ತು ಸುಂಕ ಹೇರಿದ ವರ್ಷ ಮುನಿಯಪ್ಪನವರಿಗೆ ದೇಶಪ್ರೇಮ ಉಕ್ಕಿತು. ಭಾನುವಾರ ಬೆಳಗ್ಗೆ ಪಾರ್ಕಿನ ಮುಂದೆ ವಿದೇಶಿ ವಸ್ತು ದಹನ ಅಂತ ಫ್ಲೆಕ್ಸ್ ಎದ್ದಿತು. ಫ್ಲೆಕ್ಸಿನಲ್ಲಿ ತಂಗಿಯ ಫೋಟೊ, ಕೆಳಗೆ 'ಅಂತಾರಾಷ್ಟ್ರೀಯ ಅರ್ಥಶಾಸ್ತ್ರಜ್ಞೆ'. ಮೇಡಂ ಹೋಗಿದ್ದ ಅತಿ ದೂರದ ಊರು ಕಾಶಿ.

"ಎರಡು ಮಾತಾಡಮ್ಮ ಸಾಕು," ಅಂದರು ಅಣ್ಣ.

"ನನಗೆ ಅನ್ಸಿದ್ದೇ ಮಾತಾಡ್ತೀನಿ, ಪರವಾಗಿಲ್ವಾ?"

"ಏನಾದ್ರೂ ಮಾತಾಡು. ಯಾರು ಕೇಳಿಸ್ಕೋತಾರೆ."

ಆ ದಿನ ಇಡ್ಲಿ, ಖಾರಾಬಾತ್ ಇದ್ದದ್ದರಿಂದ ಜನ ಚೆನ್ನಾಗಿಯೇ ಸೇರಿದ್ದರು. ಮಧ್ಯದಲ್ಲಿ ಗುಡ್ಡೆ: ಕೋಲಾ ಬಾಟಲಿಗಳು, ಪಿಜ್ಜಾ ಡಬ್ಬಗಳು, ಮಗ್ಗುಲು ಮುರಿದ ಸೂಟ್‌ಕೇಸು, ಸತ್ತುಹೋದ ಫೋನುಗಳು. ಒಳ್ಳೆ ಫೋನು ಯಾರೂ ತಂದಿರಲಿಲ್ಲ; ಅವುಗಳಲ್ಲಿ ವಿಡಿಯೊ ತೆಗೆಯುತ್ತಿದ್ದರು. ಮುನಿಯಪ್ಪನವರ ಹಿಂದೆಮುಂದೆ ಓಡಾಡುವ ಅರುಣ್ ಕುಮಾರ್ ಮಾತ್ರ ಒಂದು ಹೊಸ ಅಂಗಿಯನ್ನೇ ತಂದು, ಅದರ ಇಂಗ್ಲಿಷ್ ಲೇಬಲ್ ಎಲ್ಲರಿಗೂ ತೋರಿಸಿ, ಗುಡ್ಡೆಯ ನೆತ್ತಿಗೆ ಹಾಕಿದ.

ಮೇಡಂಗೆ ಶಾಲು ಹೊದಿಸಿದರು. ಅವರು ಮೈಕ್ ಹಿಡಿದು ಶಾಲಿನ ತುದಿ ತಿರುಗಿಸಿ ನೋಡಿದರು.

"ಈ ಶಾಲು ಚೀನಾದ್ದು. ಮೊದಲು ಇದನ್ನ ಹಾಕಿ ಗುಡ್ಡೆಗೆ. ಈ ಮೈಕೂ ಅಲ್ಲಿಂದಲೇ ಬಂದಿರೋದು. ಆ ಕೋಲಾ ತುಂಬಿದ್ದು ಇಲ್ಲೇ ಪಕ್ಕದ ಜಿಲ್ಲೇಲಿ, ನಮ್ಮ ನೀರಲ್ಲಿ, ನಮ್ಮ ಹುಡುಗರು. ಪಿಜ್ಜಾ ಅಂತೂ ನಾಗರಭಾವಿ ಸರ್ಕಲ್‌ದು. ಅಮೆರಿಕದೋರು ಸುಂಕ ಹಾಕಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡಿದ್ದಾರೆ. ನಾವೂ ಯಾಕೆ ಕಲ್ಲು ಹಿಡ್ಕೊಂಡು ನಮ್ಮ ಕಾಲು ಹುಡುಕ್ತಾ ಇದೀವಿ?"

ಜನ ನಕ್ಕರು. ಮುನಿಯಪ್ಪ ತಾವೂ ನಗುವವರಂತೆ ಹಲ್ಲು ತೋರಿಸಿದರು. ಮೇಡಂಗೆ ಹುರುಪು ಬಂತು. ಜಾಗತೀಕರಣದಿಂದ ನಮಗೆ ಏನೇನು ಸಿಕ್ಕಿತು ಅಂತ ತೊಂಬತ್ತೊಂದನೇ ಇಸವಿಯಿಂದ ಶುರುಮಾಡಿಕೊಂಡರು. ಬೆಂಕಿಪೊಟ್ಟಣ ಹಿಡಿದು ನಿಂತಿದ್ದ ಅರುಣ್ ಕುಮಾರ್‌ಗೆ ಎರಡು ಸಲ ಆಕಳಿಕೆ ಬಂತು.

ಅಷ್ಟರಲ್ಲಿ ಒಬ್ಬ ಹೆಂಗಸು ಮುಂದೆ ಬಂದು ಗುಡ್ಡೆಯ ಮೇಲಿನ ಅಂಗಿ ಎತ್ತಿಕೊಂಡಳು. ಅವಳು ದಾನಮ್ಮ, ಬಾಗಲಕೋಟೆ ಕಡೆಯವಳು, ಮುನಿಯಪ್ಪನವರ ಕಟ್ಟಡದಲ್ಲೇ ಒಂದು ರೂಮಿನಲ್ಲಿ ಬಾಡಿಗೆಗೆ ಇರುವವಳು, ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ, 'ಲೈನ್' ಅನ್ನುವ ಹೊಲಿಗೆ ಮಷಿನುಗಳ ಸಾಲಿನಲ್ಲಿ ಕೆಲಸ. ಅವಳು ಕಾಲರ್ ಮಡಚಿ ನೋಡಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಸುಡಬ್ಯಾಡ್ರಿ. ಇದು ನಮ್ಮ ಲೈನಿನಾಗ ಹೊಲದದ್ದು. ಈ ಕಾಲರ್ ನಾನ ಕೂಡಿಸಿದ್ದಿರಬೇಕು."

ಅರುಣ್ ಕುಮಾರ್ ಲೇಬಲ್ ಹಿಂದೆ ನೋಡಿದ. ಮೇಡ್ ಇನ್ ಇಂಡಿಯಾ ಅಂತ ಸಣ್ಣಕ್ಷರದಲ್ಲಿ ಇತ್ತು. ವಿಜಯನಗರ ಮಾರ್ಕೆಟ್ಟಿನ, ರಫ್ತಾಗದೆ ಉಳಿದ ಬಟ್ಟೆ ಮಾರುವ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಲ್ಲಿ ತಗೊಂಡಿದ್ದು ಅಂತ ಒಪ್ಪಿಕೊಂಡ.

ಮೇಡಂ ಗೆದ್ದೆ ಅಂದುಕೊಂಡರು. "ನೋಡಿ, ನಾನು ಹೇಳಿದ್ದು ಇದೇ. ಜಗತ್ತು ಹೇಗೆ ಹೆಣ್ಕೊಂಡಿದೆ ಅನ್ನೋದಕ್ಕೆ—"

"ನಿಮಗೂ ಒಂದು ಮಾತು ಕೇಳೂದೈತ್ರಿ ಮೇಡಂ," ಅಂದಳು ದಾನಮ್ಮ. "ಸುಂಕ ಹಾಕಿದವರು ತಮ್ಮ ಕಾಲ ಮ್ಯಾಲ ತಾವ ಕಲ್ಲು ಹಾಕ್ಕೊಂಡಾರ ಅಂದ್ರಿ. ಕೆಲಸ ಹೋಗಿದ್ದು ನಂದು. ನಮ್ಮ ಲೈನ್ ಪೂರಾ ಹದಿನೈದು ದಿನದಿಂದ ಮನ್ಯಾಗ ಐತಿ."

"ಅದು ತಾತ್ಕಾಲಿಕ ಕಣಮ್ಮ. ಆರ್ಡರ್ ಬೇರೆ ದೇಶದಿಂದ ಬರತ್ತೆ. ದೀರ್ಘಾವಧಿಯಲ್ಲಿ ಸರಿಹೋಗತ್ತೆ."

"ದೀರ್ಘಾವಧಿ ಅಂದ್ರ ಎಷ್ಟು ದಿನ್ರಿ? ದೀಪಾವಳಿ ಒಳಗ ಬರತೈತಿ?"

ಮೂವತ್ತೊಂದು ವರ್ಷದಲ್ಲಿ ಮೇಡಂ ಆ ಪದವನ್ನು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದರು. ಅದು ಎಷ್ಟು ದಿನ ಅಂತ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.

"ಗೊತ್ತಿಲ್ಲಮ್ಮ," ಅಂದು ಮೇಡಂ ಮೈಕ್ ಕೆಳಗಿಟ್ಟರು.

ದಹನ ನಡೆಯಲಿಲ್ಲ. ಕಸದ ಆಟೋದವನು ಗುಡ್ಡೆಯನ್ನು ಹಸಿ ಕಸ, ಒಣ ಕಸ ಬೇರೆ ಮಾಡದೆ ಎತ್ತಲ್ಲ ಅಂದ. ಆಕಾಂಕ್ಷಿಯ ಕಡೆಯವರು ಕೂತು ಬೇರೆ ಮಾಡಿದರು. ಮುನಿಯಪ್ಪ ಒಂದು ವಾರ ತಂಗಿಯ ಜೊತೆ ಮಾತು ಬಿಟ್ಟರು.

ಆ ವಾರ ಮೇಡಂ ದಿನಾ ಸಂಜೆ ದಾನಮ್ಮನ ರೂಮಿಗೆ ಹೋದರು. ಮೊದಲ ದಿನ ಬುದ್ಧಿ ಹೇಳಲು ಹೋದದ್ದು, ಎರಡನೇ ದಿನದಿಂದ ಕೇಳಲು. ಸುಂಕ ಬಂದ ತಕ್ಷಣ ಅಮೆರಿಕದ ಕಂಪನಿ ಬೆಲೆ ಇಳಿಸು ಅಂದಿತ್ತು, ಇಲ್ಲಿಯವರು ಇಳಿಸಿದ್ದರು, ಆ ನಷ್ಟ ಲೈನಿನವರ ಮೇಲೆ ಬಿದ್ದಿತ್ತು. "ಸುಂಕ ಅವರು ಹಾಕಿದ್ರು, ರಿಯಾಯ್ತಿ ನಾವು ಕೊಟ್ಟಿವಿ," ಅಂದಳು ದಾನಮ್ಮ ಚಹಾ ಸೋಸುತ್ತ. ಮೇಡಂ ಆ ಮಾತನ್ನು ಹಾಗೇ ಬರೆದುಕೊಂಡರು. ತಾವು ಪಾಠ ಮಾಡುವ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಅಧ್ಯಾಯ ಹಿಡಿದಿತ್ತು, ಅದೂ ಗ್ರಾಫ್ ಸಮೇತ.

ಕೆಲಸ ಹುಡುಕಲು ಇಬ್ಬರೂ ಜೊತೆಗೇ ಬಸ್ಸು ಹತ್ತಿದರು. ನಾಲ್ಕು ದಿನ ಕೆಂಗೇರಿಯಿಂದ ಲಗ್ಗೆರೆ, ಪೀಣ್ಯದವರೆಗೆ ಗೇಟುಗೇಟು ಅಲೆದರು. ಐದನೇ ದಿನ ಶಾಲಾ ಯೂನಿಫಾರ್ಮ್ ಹೊಲಿಯುವ ಒಂದು ಚಿಕ್ಕ ಕಾರ್ಖಾನೆಯವರು, ನಾಳೆಯಿಂದಲೇ ಬಾ ಅಂದರು. ವಾಪಸ್ ಬರುವಾಗ ಮೇಡಂ ಲೆಕ್ಕ ಹಾಕಿ, ಟಿಕೆಟ್‌ಗೆ ದುಡ್ಡು ಕೊಡಬೇಕಾಗಿದ್ದಿದ್ದರೆ ದಾನಮ್ಮ ಎರಡನೇ ದಿನಕ್ಕೇ ಹುಡುಕುವುದು ನಿಲ್ಲಿಸುತ್ತಿದ್ದಳು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದನ್ನು ಅಣ್ಣನಿಗೆ ಮಾತ್ರ ಹೇಳಲಿಲ್ಲ. ಸುಂಕ ಕೆಟ್ಟದ್ದು ಅನ್ನುವ ಮಾತನ್ನೂ ಬಿಡಲಿಲ್ಲ. ಪೆಟ್ಟು ಬೀಳುವುದು ಯಾರಿಗೆ ಅನ್ನುವುದನ್ನು ಮೊದಲ ವಾಕ್ಯದಲ್ಲೇ ಹೇಳಬೇಕು ಅನ್ನುವುದಷ್ಟೇ ಹೊಸದಾಗಿ ಸೇರಿತು.

ಮುಂದಿನ ತಿಂಗಳು ಅಂತಾರಾಷ್ಟ್ರೀಯ ವ್ಯಾಪಾರದ ಪಾಠಕ್ಕೆ ಮೇಡಂ ದಾನಮ್ಮನನ್ನು ಕರೆದುಕೊಂಡು ಹೋದರು. ಕಾರ್ಖಾನೆಗೆ ರಜೆಯ ದಿನ ಅಂತ ಅವಳು ಒಪ್ಪಿದ್ದಳು. ಪಾಠ ಅವಳಿಗೆ ಬಿಟ್ಟು ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿಂದ ಬೋರ್ಡು ಸರಿಯಾಗಿ ಕಾಣಲ್ಲ ಅನ್ನುವುದು ಅವರಿಗೆ ಆವತ್ತೇ ಗೊತ್ತಾದದ್ದು. ಹುಡುಗರು ಒಂದೂವರೆ ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಸ್ಪಂದನ ಅನ್ನುವ ಹುಡುಗಿ ತಿರುಗಿ, "ಮೇಡಂ, ಎಕ್ಸಾಮ್‌ಗೆ ಯಾವ್ದು ಬರೀಬೇಕು?" ಅಂದಳು.

"ಎಕ್ಸಾಮ್‌ಗೆ ಬುಕ್ಕಲ್ಲಿರೋದೇ ಬರಿ. ಅದನ್ನ ತಿದ್ದೋರಿಗೂ ಇದು ಗೊತ್ತಿಲ್ಲ."

ಹೊರಡುವಾಗ ಆಫೀಸಿನ ಗುಮಾಸ್ತ ದಾನಮ್ಮನಿಗೆ ಅತಿಥಿ ಉಪನ್ಯಾಸದ ಫಾರ್ಮ್ ಕೊಟ್ಟ. ವಿದ್ಯಾರ್ಹತೆಯ ಜಾಗದಲ್ಲಿ ಪೆನ್ನು ನಿಂತಿತು. ಅವಳು ಮೇಡಂ ಮುಖ ನೋಡಿದಳು.

"ಇದ್ದಿದ್ದು ಬರಿ," ಅಂದರು ಮೇಡಂ.

ದಾನಮ್ಮ ದಪ್ಪ ಅಕ್ಷರದಲ್ಲಿ ಬರೆದಳು: ಏಳನೇ ಕ್ಲಾಸು, ಕಾಲರ್ ಸೆಕ್ಷನ್ ಹದಿನಾಲ್ಕು ವರ್ಷ. ಗುಮಾಸ್ತ ಎರಡು ಸಲ ಓದಿ, ಸೀಲು ಹಾಕಿ, ಫೈಲಿಗೆ ಸೇರಿಸಿದ.