ಗ್ವಾಡಿ ದಾಟಿದ ದಾಳಿಂಬರಿ ಟೊಂಗಿ

ನಾನು ಹೆದರಪುಕ್ಕಿ. ಮೊದಲ ಹೇಳಿಬಿಡತೇನಿ, ಯಾಕಂದ್ರ ಬೈಲಹೊಂಗಲದಾಗ ನನ್ನ ಬಾಯಿ ಕೇಳಿದವರು ಯಾರೂ ಇದನ್ನ ನಂಬೂದಿಲ್ಲ. ಮಶೀನ್ ಮುಂದ ಕುಂತು ಬ್ಲೌಸ್ ಹೊಲಕೋತ ಓಣಿಗೆಲ್ಲಾ ಬುದ್ಧಿ ಹೇಳಾಕಿ ನಾನು. ಆದ್ರ ಹೋದ ಮಳಿಗಾಲ ಪೂರ್ತಿ, ಒಂದು ಗಿಡದ ಎಲಿ ನೋಡಿ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು.

ಗಿಡ ನಮ್ಮದಲ್ಲ, ಬಾಜೂ ಮನಿ ಬಾಯಾರದು. ಸಾಲಿ ಕಲಿಸಿ ರಿಟೈರ್ ಆದವರು ಅವರು, ಓಣಿಗೆಲ್ಲಾ ಈಗೂ ಬಾಯಾರ. ಲಗ್ನಾಗಿ ಬಂದ ವರ್ಷ ದೇಗಾಂವದ ತವರಮನಿಯಿಂದ ಹಸಿ ಅರಬಿಯೊಳಗ ಸುತ್ತಿ, ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಟುಕೊಂಡು ತಂದ ಒಂದು ಕಡ್ಡಿ ಇಷ್ಟು ದೊಡ್ಡ ಗಿಡ ಆಗಿತ್ತು. ತವರಿನ ಮೂಲ ಗಿಡ, ಅಲ್ಲಿ ಹೊಸ ಮನಿ ಕಟ್ಟೂ ಮುಂದ ಹೋತಂತ. ಉಳದದ್ದು ಇದೊಂದ. ಹಣ್ಣು ಸಣ್ಣದು, ಕಾಳು ತಿಳಿ ಗುಲಾಬಿ, ಆದ್ರ ಆ ರುಚಿ! ಪ್ಯಾಟಿಯೊಳಗಿನ ಕೆಂಪನ್ನ ಹಣ್ಣು ಅದರ ಮುಂದ ಬರೇ ನೀರು.

ಕಡ್ಡಿ ಕೇಳಿದ್ರ ಬಾಯಾರು ಕೊಡತಿದ್ರು. ನಾ ಕೇಳಲಿಲ್ಲ. ಯಾಕಂದ್ರ ಆಗ ನಮಗ ಮಾತಿರಲಿಲ್ಲ. ನಾ ಹೊಲದು ಕೊಟ್ಟ ಬ್ಲೌಸ್ ತಂದು, ನಾಕು ಮಂದಿ ಗಿರಾಕಿ ಮುಂದ, "ತೋಳು ನೋಡ್ರಿ, ರಕ್ತ ನಿಂದ್ರತೈತಿ, ಅಳತಿ ಪಟ್ಟಿ ಮನ್ಯಾಗ ಐತೋ ಇಲ್ಲೋ?" ಅಂದಿದ್ರು. ಮೈ ಬೆಳಸಿಕೊಂಡವರು ಅವರು, ಮಾತು ಕೇಳಾಕಿ ನಾನು! ಅವತ್ತಿಂದ ಮುಖ ತಿರುವಿಕೊಂಡು ಅಡ್ಡಾಡತಿದ್ದೆ.

ಮಳಿಗಾಲದ ಬಾಯಿಗೆ ರಾಮದುರ್ಗದ ಕಡೆ ತಂಗಿ ಊರಿಗೆ ಹೋಗಿದ್ದೆ. ಆಕಿ ಗಂಡ ದಾಳಿಂಬರಿ ಹಚ್ಯಾನ. ಗಿಡ ಸವರೂ ಕೆಲಸ ನಡದಿತ್ತು, ನಾನೂ ಒಂದು ಕತ್ತರಿ ಹಿಡದು ನಿಂತೆ. ಅಂವ ಒಂದು ಗಿಡ ಮುಗದ ಕೂಡಲೇ ಕತ್ತರಿ ಔಷಧದ ನೀರಾಗ ಅದ್ದತಿದ್ದ. ಮತ್ತ ಮುಂದಿನ ಗಿಡ, ಮತ್ತ ಅದ್ದೂದು. "ಕತ್ತರಿಗೂ ಅಭ್ಯಂಗಸ್ನಾನ ಏನೋ ಮಾರಾಯ?" ಅಂತ ನಾ ಚ್ಯಾಷ್ಟಿ ಮಾಡಿದೆ. ಅಂವ ನಕ್ಕೋತ, "ನಿನಗ ತಿಳೀದು ಬಿಡಕ್ಕಾ" ಅಂದ. ಬರೂ ಮುಂದ ನಾ ಹಿಡದಿದ್ದ ಕತ್ತರಿ ಬೇಡಿ ಚೀಲದಾಗ ಹಾಕ್ಕೊಂಡು ಬಂದೆ. ನನ್ನ ಬಟ್ಟಿ ಕತ್ತರಿಗೆ ಕಾಗದ ಮುಟ್ಟಿಸಿದ್ರ ನಾ ಒದರಿ ಮನಿ ಎತ್ತಿ ಇಡತೇನಿ, ಇನ್ನ ಕಟಗಿ ಎಲ್ಲಿಂದ ಕತ್ತರಸ್ಲಿ?

ಬಾಯಾರ ಗಿಡದ ಒಂದು ಟೊಂಗಿ ಗ್ವಾಡಿ ದಾಟಿ ನಮ್ಮ ಹಿತ್ತಲಕ್ಕ ಬಾಗಿತ್ತು. ನಮ್ಮ ಕಡೆ ಬಂದದ್ದು ನಮ್ಮದು ಅಂದುಕೊಂಡೆ. ಮ್ಯಾಲ ನಮ್ಮ ಹೆಣ್ಣಮಕ್ಕಳ ಮಾತು ಒಂದೈತಿ, ಕೇಳಿ ತಂದ ಕಡ್ಡಿ ಹತ್ತೂದಿಲ್ಲ, ಕದ್ದು ತಂದದ್ದು ಸಾಯೂದಿಲ್ಲ ಅಂತ. ಬಾಯಾರು ಗುಡಿಗೆ ಹೋದ ಹೊತ್ತು ನೋಡಿ ಪೆನ್ಸಿಲ್ ದಪ್ಪದ ಏಳು ಕಡ್ಡಿ ಕತ್ತರಿಸಿದೆ. ಗೇಣುದ್ದ, ಬುಡಕ್ಕ ಓರಿ, ತುದಿಗೆ ಸಪಾಟ, ತಲಿ ಯಾವುದು ಕಾಲು ಯಾವುದು ತಿಳೀಲಿ ಅಂತ. ಬುಡಕ್ಕ ಲೋಳಸರದ ಲೋಳಿ ಹಚ್ಚಿ, ಮಣ್ಣು ಉಸುಕು ಗೊಬ್ಬರ ಕಲಸಿದ ಪ್ಲಾಸ್ಟಿಕ್ ಚೀಲದಾಗ ಊರಿದೆ.

ಎರಡು ವಾರದಾಗ ಏಳಕ್ಕೂ ಚಿಗುರು! ಕುಣದಾಡಿಬಿಟ್ಟೆ. ಆದ್ರ ಅದು ಕಡ್ಡಿಯೊಳಗ ಉಳದ ಕಸುವಿನ ಚಿಗುರು, ಬೇರಿಂದಲ್ಲ. ಅದು ತಿಳೀದ, ಬೇರು ಬಿಟ್ಟಾವೋ ಇಲ್ಲೋ ಅಂತ ಎರಡು ದಿನಕ್ಕೊಮ್ಮೆ ಜಗ್ಗಿ ನೋಡಿ ನಾಕು ಕಡ್ಡಿ ನಾನ ಕೊಂದೆ. ಕಡೀಕ ಕೈ ಕಟ್ಟಿಕೊಂಡು ಕುಂತೆ. ಮೂರು ಉಳದವು, ಚೀಲದ ಬದಿಗೆ ಬೆಳ್ಳನ್ನ ಬೇರು ಕಂಡವು.

ಅದ ಹೊತ್ತಿಗೆ ಗ್ವಾಡಿ ಆಚೆ ಬಾಯಾರ ಗಿಡದ ಎಲಿ ಮ್ಯಾಲ ಚುಕ್ಕಿ ಕಂಡವು. ಎಣ್ಣಿ ಹನಿ ಸಿಡದಂಗ ಸಣ್ಣ ಸಣ್ಣವು, ಸುತ್ತ ಹಳದಿ. ವಾರದಾಗ ಕಾಯಿ ಮ್ಯಾಲ ಕರೀ ಕಲೆ, ಆಮ್ಯಾಲ ಕಾಯಿ ಬಿರದು ಉದುರಾಕ ಹತ್ತಿದವು. ಫೋಟೋ ತಗದು ತಂಗಿ ಗಂಡಗ ಕಳಿಸಿದೆ. ಅಂವ ತಟ್ಟನ ಫೋನ್ ಮಾಡಿದ.

"ಇದು ಎಲ್ಲೀ ಗಿಡ ಅಕ್ಕಾ? ಇದು ಅಂಗಮಾರಿ ರೋಗ. ನಮ್ಮ ಹೊಲದಾಗ ಮೂಲ್ಯಾಗ ಬಂದೈತಲ್ಲ, ಅದ. ಆ ಕತ್ತರಿ ತೊಳದಿದ್ದಿ ಹೌದಿಲ್ಲೋ?"

"ತೊಳೀಬೇಕಿತ್ತೇನು?" ಅಂದೆ. ಅಂವಗ ತಿಳೀತು. "ಗಾಳಿ ಮಳಿಗೂ ಬರತೈತಿ, ಇದ ಅಂತ ಹೇಳಾಕ ಆಗೂದಿಲ್ಲ" ಅಂತ ಸಮಾಧಾನ ಹೇಳಿದ. ಯಾವ ಗಾಳಿ? ನಮ್ಮ ಓಣಿಯೊಳಗ ಇನ್ನೊಂದು ದಾಳಿಂಬರಿ ಗಿಡ ಎಲ್ಲೈತಿ? ನನ್ನ ಕೈಯಿಂದ ಆ ಹೆಣ್ಣಮಗಳ ತವರಿನ ಗಿಡಕ್ಕ ರೋಗ ಹತ್ತಿತು, ಅಷ್ಟ. ಮತ್ತ ಆ ಗಿಡದ ಕುಲ ಅಂತ ಉಳದದ್ದು ನನ್ನ ಹಿತ್ತಲದ ಮೂರು ಕಡ್ಡಿ. ಅವನ್ನ ಕಡದದ್ದೂ ಅದ ಕತ್ತರಿಯಿಂದ!

ಹತ್ತು ದಿನ ಬಾಯಿ ಬಿಡಲಿಲ್ಲ. ಒಬ್ಬಾಕಿ ಬ್ಲೌಸಿಗೆ ಎಡಗಡೆ ತೋಳು ಬಲಕ್ಕ ಹಚ್ಚಿದೆ, ಸೂಜಿ ಬೆರಳಿಗೆ ಹೊಕ್ಕಿತು. ಮುಂಜಾನೆದ್ದು ಮೊದಲ ಮೂರು ಕಡ್ಡಿ ಎಲಿ ನೋಡೂದು, ಆಮ್ಯಾಲ ಗ್ವಾಡಿ ಮ್ಯಾಲಿಂದ ಇಣಕೂದು. ಒಂದಿನ ಇಣಕಿದ್ರ ಬಾಯಾರು ಗಿಡಕ್ಕ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಾಕ ಹತ್ತಿದ್ರು. ನನ್ನ ನೋಡಿ, ಜಗಳ ಮರತು, ಕಣ್ಣಾಗ ನೀರು ತಂದು ಅಂದ್ರು:

"ಯಾರದೋ ದೃಷ್ಟಿ ತಾಗೇತ್ರೀ ನನ್ನ ಗಿಡಕ್ಕ."

ಇನ್ನ ತಡಕೊಳ್ಳಾಕ ಆಗಲಿಲ್ಲ. "ದೃಷ್ಟಿ ಅಲ್ರೀ ಬಾಯಾರ, ಅದು ನನ್ನ ಕತ್ತರಿ" ಅಂದುಬಿಟ್ಟೆ. ಗ್ವಾಡಿಗೆ ಆತು ನಿಂತು ಎಲ್ಲಾ ಹೇಳಿದೆ, ರಾಮದುರ್ಗ, ಕದ್ದ ಕಡ್ಡಿ, ಅದ್ದದ ಕತ್ತರಿ, ಹತ್ತು ದಿನ ಮುಚ್ಚಿಟ್ಟದ್ದು. ಬಾಯಾರು ಬೈಯಲಿಲ್ಲ. ಬೈದಿದ್ರ ಬದುಕತಿದ್ದೆ. ಕೈಯಾಗಿನ ದಾರ ಅಲ್ಲೇ ಬಿಟ್ಟು ಒಳಗ ಹೋದ್ರು.

ತಂಗಿ ಗಂಡನ್ನ ಕರೆಸಿದೆ. ರೋಗ ಕಾಂಡಕ್ಕ ಇಳದಿತ್ತು. ಕಡದು ಸುಡೂದೊಂದ ದಾರಿ ಅಂದ. ಬಾಯಾರು ಗೋಣು ಹಾಕಿದ್ರು. ಗಿಡ ಕಡಿಯೂ ಮುಂದ ಅವರು ಹೊರಗ ಬರಲಿಲ್ಲ, ನಾನ ನಿಂತು ಒಂದು ಎಲಿ ಉಳೀದಂಗ ಬಳದು ಬೆಂಕಿಗೆ ಹಾಕಿದೆ. ಹೊಗಿಗೆ ಅತ್ತೆನೋ, ನನಗಾಗಿ ಅತ್ತೆನೋ, ಹೊಟ್ಟಿ ತುಂಬ ಅತ್ತೆ.

ಮರುದಿನ ಮೂರು ಕಡ್ಡಿ ಚೀಲ ತಗೊಂಡು ಅವರ ಮನಿ ಕಟ್ಟಿಗೆ ಹೋದೆ. ಬಾಯಾರು ಚಾಳಿಸ ಹಾಕ್ಕೊಂಡು ಒಂದೊಂದು ಎಲಿ ಬಿಸಿಲಿಗೆ ಹಿಡದು, ಮಕ್ಕಳ ಪೇಪರ್ ತಿದ್ದಿದಂಗ ನೋಡಿದ್ರು. ಒಂದರ ಮ್ಯಾಲ ಬಟ್ಟು ಇಟ್ಟು, "ಇದನ್ನ ಸುಡ್ರಿ" ಅಂದ್ರು. ಹೌದು, ಎಣ್ಣಿ ಚುಕ್ಕಿ ಇತ್ತು. ದಿನಾ ನೋಡೂ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

"ಉಳದ ಎರಡೂ ನೀವ ಇಟ್ಟುಕೊಳ್ರಿ ಬಾಯಾರ."

"ನಮ್ಮ ಮಣ್ಣಾಗ ರೋಗದ ಎಲಿ ಉದುರ್ಯಾವ. ನಿಮ್ಮಲ್ಲೇ ಇರ್ಲಿ. ಆದ್ರ ನಾ ದಿನಾ ಬಂದು ನೋಡಾಕಿ. ನಿಮ್ಮ ಮ್ಯಾಲ ನನಗ ನಂಬಿಗಿಲ್ಲ."

ಮೋತಿ ಮ್ಯಾಲ ಹೊಡದಂಗಾತು. ಮಾತು ಖರೇ ಇತ್ತು, ಚೀಲ ಎತ್ತಿಕೊಂಡು ಮನಿಗೆ ಬಂದೆ.

ಹೇಳಿದಂಗ ದಿನಾ ಬಂದ್ರು. ಏಳು ಗಂಟೆಕ್ಕ ಹಿತ್ತಲದ ಬಾಗಲಾ ಬಡದು, ಎರಡೂ ಕಡ್ಡಿ ಎಲಿ ತಿರುವಿ ನೋಡಿ, "ಇವತ್ತ ಇಲ್ಲ" ಅಂದು ಹೋಗತಿದ್ರು. ಕುಂತ್ರಿ ಅಂದ್ರ ಕುಂಡ್ರತಿರಲಿಲ್ಲ. ಆ ಎರಡು ಶಬ್ದ ಕೇಳೂತನಕ ನಾ ಮಶೀನ್ ಮುಟ್ಟತಿರಲಿಲ್ಲ. ರಾತ್ರಿ ಮಳಿ ಬಂದ್ರಂತೂ ಕೇಳಬ್ಯಾಡ್ರಿ, ನೀರು ಸಿಡದಲ್ಲೆಲ್ಲಾ ಈ ರೋಗ ಹಬ್ಬತೈತಿ.

ದಸರಾ ಮುಂದ ಬಾಯಾರು ಸವದತ್ತಿಗೆ, ಮಗಳ ಮನಿಗೆ ಹೋದ್ರು. ಮುಂಜಾನೆ ಏಳಕ್ಕ ಬಾಗಲಾ ಬಡೀಲಿಲ್ಲ, ಫೋನ್ ಬಡೀತು.

"ಎಲಿ ನೋಡಿದ್ರೇನು?"

"ನೋಡೇನ್ರಿ. ಇಲ್ಲ."

"ತಳಗಡೆ ತಿರುವಿ?"

"ತಿರುವಿ ನೋಡೇನ್ರಿ, ಎರಡರದೂ."

ಬಾಯಾರು, "ಆತು. ನೀವು ಇಲ್ಲಂದ್ರ ಇಲ್ಲ" ಅಂದು ಫೋನ್ ಇಟ್ಟರು.

ನಾನು ಫೋನ್ ಅಲ್ಲೇ ಒಗದು ಹಿತ್ತಲಕ್ಕ ಓಡಿ, ಎರಡೂ ಗಿಡದ ಒಂದೊಂದು ಎಲಿ ಮತ್ತೊಮ್ಮೆ ತಿರುವಿ ನೋಡಿದೆ.