ಕಾಲು ಹಿಡಿಯುವ ಮೊದಲು ಕೇಳಿದವಳು

ಹುಟ್ಟಿದಾಗಿನಿಂದ ನನ್ನ ಎರಡೂ ಕಾಲು ಸೆಟೆದುಕೊಂಡೇ ಇವೆ. ಯಾರಾದರೂ ಎಳೆದರೆ ಇನ್ನಷ್ಟು ಬಿಗಿಯುತ್ತವೆ, ನನ್ನ ಮಾತು ಕೇಳುವುದಿಲ್ಲ. ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಗಾಲಿಕುರ್ಚಿಯಲ್ಲಿ ಕೂತು ದಿನವಿಡೀ ಜನರ ಅರ್ಜಿ ಟೈಪ್ ಮಾಡುತ್ತೇನೆ. ನಲವತ್ತು ದಾಟಿದ ಮೇಲೆ ಮುಟ್ಟು ನಿಲ್ಲದೆ ಹರಿಯತೊಡಗಿತು. ಗಿರಾಕಿಗಳ ಎದುರೇ ಕುರ್ಚಿಯ ದಿಂಬು ಒದ್ದೆಯಾದ ದಿನ ಅಂಗಡಿ ಮುಚ್ಚಿಸಿ ಅತ್ತಿಗೆಗೆ ಫೋನ್ ಮಾಡಿದೆ.

ಅತ್ತಿಗೆ ನನ್ನನ್ನು ಸಾಗರದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ನನ್ನತ್ತ ನೋಡದೆ ಅವರನ್ನೇ ಕೇಳಿದರು, "ಇವರಿಗೆ ಮದುವೆ ಆಗಿದ್ಯಾ? ಎಷ್ಟು ದಿನದಿಂದ ಹೀಗೆ?"

"ನಂಗೆ ಮಾತು ಬರ್ತದೆ ಡಾಕ್ಟ್ರೇ, ನನ್ನನ್ನೇ ಕೇಳಿ," ಅಂದೆ. ಅವರು ತಲೆಯಾಡಿಸಿ ಮತ್ತೆ ಅತ್ತಿಗೆಯ ಮುಖವನ್ನೇ ನೋಡಿದರು.

ಪರೀಕ್ಷೆಯ ಮೇಜು ಕೂತ ನನ್ನ ಎದೆಯೆತ್ತರಕ್ಕಿತ್ತು. ಇಬ್ಬರು ಆಯಾಗಳು ಬಂದು, ಒಬ್ಬಳು ಕಂಕುಳಿಗೆ ಕೈಹಾಕಿ, ಇನ್ನೊಬ್ಬಳು ಮೊಣಕಾಲು ಹಿಡಿದು, ಮೂಟೆಯಂತೆ ಎತ್ತಿ ಹಾಕಿದರು. ಪರದೆ ಅರ್ಧ ತೆರೆದೇ ಇತ್ತು. ಕಾಲು ಅಗಲಿಸಲು ಎಳೆದರು. ತೊಡೆ ಕಲ್ಲಾಯಿತು.

"ಸಡಿಲ ಬಿಡಮ್ಮ, ಯಾಕೆ ಹಟ ಮಾಡ್ತಿ?" ಎಂದು ಒಬ್ಬಳು ಗದರಿದಳು.

ಹಟ ನನ್ನದಲ್ಲ ಅನ್ನುವಷ್ಟರಲ್ಲಿ ಸೊಂಟದಿಂದೆದ್ದ ನೋವಿಗೆ ಕಿರುಚಿಬಿಟ್ಟೆ. "ಇದು ಆಗೋದಲ್ಲ," ಎಂದು ಡಾಕ್ಟರು ಕೈಗವಸು ಕಳಚಿ, ಮಾತ್ರೆ ಬರೆದುಕೊಟ್ಟರು.

ತಿಂಗಳುಗಟ್ಟಲೆ ಆ ಮಾತ್ರೆ ನುಂಗಿದೆ. ರಕ್ತ ನಿಲ್ಲಲಿಲ್ಲ. ಒಂದು ದಿನ ತಲೆ ಸುತ್ತಿ ಅಂಗಡಿಯಲ್ಲೇ ವಾಲಿದ ಮೇಲೆ ಅತ್ತಿಗೆ ಬಿಡದೆ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾರು ತಿರುಗಿಸಿ ಅನ್ನುವ ಮಾತು ದಾರಿಯುದ್ದಕ್ಕೂ ನನ್ನ ಬಾಯಿಗೆ ಬರುತ್ತಲೇ ಇತ್ತು.

ಅಲ್ಲಿನ ನರ್ಸ್ ನನಗಿಂತ ಚಿಕ್ಕವಳು. ಮೊದಲು ಬಾಗಿಲ ಚಿಲಕ ಹಾಕಿದಳು.

"ಅಕ್ಕಾ, ಮನೇಲಿ ಕುರ್ಚಿಯಿಂದ ಮಂಚಕ್ಕೆ ಹೆಂಗೆ ಹೋಗ್ತೀರಿ?"

"ಹಲಗೆ ಇಟ್ಕಂಡು ಜಾರ್ತೀನಿ."

ಮೇಜು ಬೇಡವೆಂದು ಅವಳು ಒಂದು ತಗ್ಗು ಮಂಚ ತೋರಿಸಿದಳು. ಡಾಕ್ಟರಮ್ಮನೂ ಒಪ್ಪಿ ಅಲ್ಲಿಗೇ ಬಂದರು.

"ಯಾವ ಕಾಲು ಎತ್ತಬಾರದು?"

"ಎಡಗಾಲು."

"ಸರಿ. ನೀವು ಸಾಕು ಅಂದ್ರೆ ನಿಲ್ಲಿಸ್ತೀವಿ."

ಎಡಮಗ್ಗುಲಾಗಿ ಮಲಗಿಸಿ, ಮೇಲೆ ಹೊದಿಸಿ, ನನ್ನ ಬಲಗಾಲನ್ನು ತನ್ನ ತೋಳಿನ ಮೇಲೆ ಹೊತ್ತುಕೊಂಡಳು. ನಡುವೆ ಕಾಲು ನಡುಗತೊಡಗಿತು. "ಸಾಕು," ಅಂದೆ. ಇಬ್ಬರೂ ನಿಲ್ಲಿಸಿಬಿಟ್ಟರು! ನಡುಕ ತಗ್ಗುವವರೆಗೆ ಅವಳು ಕಾಲನ್ನು ಹಾಗೇ ಹಿಡಿದಿದ್ದಳು. ನಂಗೆ ಅಳು ಬಂತು. "ನೋವಾಯ್ತಾ ಅಕ್ಕಾ?" ಅಂದಳು. ಇಲ್ಲ ಅಂತ ತಲೆಯಾಡಿಸಿದೆ.

ಪರೀಕ್ಷೆ ಮುಗಿಯಿತು. ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದರು, "ಗರ್ಭಕೋಶದಲ್ಲಿ ಗಡ್ಡೆ ದೊಡ್ಡದಾಗಿದೆ. ಮೊದಲೇ ಬಂದಿದ್ರೆ ಚೆನ್ನಾಗಿತ್ತು."

"ಬಂದಿದ್ದೆ," ಅಂದೆ, ಸಾಗರದ್ದನ್ನು ನೆನೆದು. ಅವರಿಗೆ ಅರ್ಥವಾಯಿತೋ ಇಲ್ಲವೋ.

ರಕ್ತ ಕೊಡಿಸಿ, ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಕ್ಯಾನ್ಸರ್ ಅಲ್ಲವೆಂದು ಗೊತ್ತಾದ ದಿನ ಅತ್ತಿಗೆ ಅಂಗಡಿಯ ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿದರು. ನಾನೂ ತಿಂದೆ. ಆದರೆ ಬಿಳಿ ಬಟ್ಟೆ ಹಾಸಿದ ಎತ್ತರದ ಮೇಜು ಈಗಲೂ ಕನಸಿನಲ್ಲಿ ಬರುತ್ತದೆ.

ಮತ್ತೊಮ್ಮೆ ತೋರಿಸಿಕೊಳ್ಳಬೇಕಾದ ದಿನ ದಾಟಿಹೋಗಿದೆ. ಫೋನ್ ಮಾಡಿ ವಿಚಾರಿಸಿದೆ. ಆ ನರ್ಸ್ ಬೇರೆ ಊರಿಗೆ ಹೋದಳಂತೆ. "ಯಾವತ್ತು ಹೋಗೋದು?" ಅಂತ ಅತ್ತಿಗೆ ಕೇಳುತ್ತಲೇ ಇದ್ದಾರೆ. ಬರುವ ವಾರ ಅನ್ನುತ್ತೇನೆ.